ಲಾರಿಗೆ ಲಂಗ

ಗುರುವಾರ ಬೆಳಿಗ್ಗೆ ಚಿದಾನಂದ ಕೂರಬೇಕಿದ್ದ ಸೀಟು ಭಾನುವಾರ ಸಂಜೆಯೇ ಅವನ ಕೈತಪ್ಪಿಹೋಯಿತು. ಕಾರಣ, ಅವನ ಹೆಂಡತಿ ನಿಶಿತಾ ವಾಕಿಂಗ್ ಹೋದಾಗ ಪಕ್ಕದ ಮನೆಯವರ ಹತ್ತಿರ ಆಡಿದ ಒಂದೇ ಒಂದು ಮಾತು: "ನಮ್ಮನೆಯವರು ಗುರುವಾರ ಲಾರೀಲಿ ಆಸ್ಟಿನ್‌ಗೆ ಹೋಗ್ತಿದ್ದಾರೆ."

ಡಲ್ಲಾಸಿನ ಹೊರವಲಯದ ಅಲೆನ್ ಊರಿನ ಆ ಬೀದಿಯಲ್ಲಿ ಲಾರಿಯ ಜೊತೆ ಸಂಬಂಧವಿದ್ದ ಕನ್ನಡಿಗ ಅವನೊಬ್ಬನೇ. ಉಳಿದವರೆಲ್ಲ ಪ್ಲೇನೋದಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಇವನು ರಿಚರ್ಡ್‌ಸನ್‌ನ 'ಸಮೀರ ಏರೋ' ಎಂಬ ಹನ್ನೊಂದು ಜನರ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್. ಹದಿನೆಂಟು ಚಕ್ರದ ದೈತ್ಯ ಲಾರಿಗಳು ಹೈವೇಯಲ್ಲಿ ಓಡುವಾಗ ಸುಡುವ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಎದುರುಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಆ ಗಾಳಿ ಟ್ರೈಲರಿನ ಅಡಿಗೆ ನುಗ್ಗದಂತೆ ಎರಡೂ ಪಕ್ಕದಲ್ಲಿ ಉದ್ದನೆಯ ಹಲಗೆ, ಹಿಂದಿನ ಬಾಗಿಲಿಗೆ ಬಾಲದಂಥ ರೆಕ್ಕೆ, ಚಕ್ರಗಳಿಗೆ ಮುಚ್ಚುವ ತಟ್ಟೆ ಇವನ್ನೆಲ್ಲ ಹಳೆಯ ಲಾರಿಗಳಿಗೆ ಕೂರಿಸಿ ಡೀಸೆಲ್ ಉಳಿಸಿಕೊಡುವುದು ಕಂಪನಿಯ ವ್ಯಾಪಾರ. ಪಕ್ಕದ ಹಲಗೆಯನ್ನು ಇಂಗ್ಲಿಷಿನಲ್ಲಿ ಸ್ಕರ್ಟ್ ಎನ್ನುತ್ತಾರೆ. ಹೀಗಾಗಿ ಹದಿನಾರು ವರ್ಷ ಓದಿ, ಹದಿನೈದು ವರ್ಷ ದುಡಿದ ಚಿದಾನಂದ ಬೀದಿಯ ಕನ್ನಡಿಗರಲ್ಲಿ "ಲಾರಿಗೆ ಲಂಗ ಹೊಲಿಯೋರು" ಎಂದೇ ಹೆಸರಾಗಿದ್ದ.

ಭಾನುವಾರ ಸಂಜೆ ಪಕ್ಕದ ಮನೆಯ ಲಿಂಗರಾಜು ಒಂದು ಡಬ್ಬಿ ಕೋಡುಬಳೆ ಹಿಡಿದು ಬಂದರು.

"ಚಿದಾನಂದ್, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಲ್ಲ."

ಆಗಲೇ ಒಂದು ಕೋಡುಬಳೆ ಚಿದಾನಂದನ ಬಾಯಿಗೆ ಹೋಗಿತ್ತು. ಹಿಂದಕ್ಕೆ ತೆಗೆಯುವ ಹಾಗಿರಲಿಲ್ಲ.

"ಶುಕ್ರವಾರ ಆಸ್ಟಿನ್‌ನಲ್ಲಿ ನಮ್ಮ ತಂಗಿ ಇಂಚರಾ ಮನೆ ಗೃಹಪ್ರವೇಶ. ನಮ್ಮಿಬ್ರಿಗೂ ಗುರುವಾರ ರಜಾ ಇಲ್ಲ. ಅಮ್ಮ ಒಂದು ದಿನ ಮುಂಚೆನೇ ಹೋಗ್ಬೇಕು ಅಂತ ಹಟ. ನಿಮ್ಮ ಲಾರಿ ಹೇಗಿದ್ರೂ ಹೋಗುತ್ತಲ್ಲ."

"ಅದು ಟೆಸ್ಟ್ ಲಾರಿ ಲಿಂಗರಾಜು ಅವ್ರೇ. ನೇರ ಹೋಗಲ್ಲ, ಹ್ಯೂಸ್ಟನ್ ಸುತ್ಕೊಂಡು ಹೋಗುತ್ತೆ."

"ಒಳ್ಳೇದೇ ಆಯ್ತು. ಹ್ಯೂಸ್ಟನ್ ಹತ್ರ ಅಮ್ಮನ ತಂಗಿ ಮಗಳು ಉಷಾ ಇದ್ದಾಳೆ. ಅವಳನ್ನೂ ನೋಡಿದ ಹಾಗಾಗುತ್ತೆ."

"ಯಾರಾದ್ರೂ ಕಾರಲ್ಲಿ ಹೋಗೋರಿದ್ರೆ..."

"ಅಮ್ಮಂಗೆ ಕಾರು ಆಗ್ಬರಲ್ಲ. ತಗ್ಗಲ್ಲಿ ಕೂತ್ರೆ ಒಂಥರಾ ಆಗುತ್ತೆ. ಎತ್ತರದ ಗಾಡಿ ಆದ್ರೆ ರಾಣಿ ಥರ ಕೂತ್ಕೋತಾರೆ ನೋಡಿ."

ಇಲ್ಲ ಎನ್ನುವ ಪದ ಚಿದಾನಂದನ ನಾಲಿಗೆಯ ಮೇಲೆ, ಸಣ್ಣ ಸ್ಟೇಷನ್ನಿನಲ್ಲಿ ನಿಂತ ಗೂಡ್ಸ್ ರೈಲಿನ ಹಾಗೆ, ಎಷ್ಟು ಹೊತ್ತಾದರೂ ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಲಿಂಗರಾಜು ಥ್ಯಾಂಕ್ಸ್ ಹೇಳಿ, ಖಾಲಿ ಡಬ್ಬಿಯನ್ನು ಆಮೇಲೆ ಕೊಟ್ಟರಾಯಿತು ಎಂದು ಎದ್ದು ಹೋಗಿಯಾಗಿತ್ತು.

ಚಿದಾನಂದನಿಗೆ ಆ ಗುರುವಾರ ಸಾಮಾನ್ಯ ದಿನವಲ್ಲ. ಡಲ್ಲಾಸಿನಲ್ಲಿ ಇನ್ನೂರು ಲಾರಿ ಓಡಿಸುವ ಮಿಸೆಸ್ ಸಲಿನಾಸ್ ಎಂಬಾಕೆ ಕೊನೆಗೂ ಒಂದು ಪರೀಕ್ಷೆಗೆ ಒಪ್ಪಿದ್ದರು. ಎರಡು ಲಾರಿ, ಎರಡೂ ಒಂದೇ ಮಾದರಿ, ಎರಡರಲ್ಲೂ ಒಂದೇ ತೂಕದ ಸಿಮೆಂಟ್ ಇಟ್ಟಿಗೆ. ಒಂದು ಬೋಳು. ಇನ್ನೊಂದಕ್ಕೆ ಲಂಗ, ಬಾಲ, ತಟ್ಟೆ, ಸಕಲ ಅಲಂಕಾರ. ಡಲ್ಲಾಸಿನಿಂದ ಹ್ಯೂಸ್ಟನ್, ಅಲ್ಲಿಂದ ಆಸ್ಟಿನ್, ಅಲ್ಲಿಂದ ವಾಪಸ್ ಡಲ್ಲಾಸ್. ಪ್ರತಿ ಊರಲ್ಲೂ ಟ್ಯಾಂಕ್ ತುಂಬಿಸಿ, ಎಷ್ಟು ಖರ್ಚಾಯಿತೆಂದು ಅಳೆಯಬೇಕು. ಅಲಂಕಾರದ ಲಾರಿ ನೂರಕ್ಕೆ ಎಂಟು ಭಾಗ ಡೀಸೆಲ್ ಉಳಿಸಿದರೆ ಇನ್ನೂರು ಲಾರಿಗೂ ಆರ್ಡರ್. ಮಿಸೆಸ್ ಸಲಿನಾಸ್ ಯಾರನ್ನೂ ನಂಬುವವರಲ್ಲ. ಪಂಪಿನ ಲೆಕ್ಕ ನೇರವಾಗಿ ತಮ್ಮ ಫೋನಿಗೇ ಬರುವಂತೆ ಮಾಡಿಕೊಂಡಿದ್ದರು.

"ಈ ಆರ್ಡರ್ ಬರ್ಲಿಲ್ಲ ಅಂದ್ರೆ ಮುಂದಿನ ತಿಂಗಳು ಬಾಗಿಲು ಹಾಕ್ಬೇಕು ಚಿದಾ" ಎಂದಿದ್ದರು ಕಂಪನಿಯ ಮಾಲೀಕ ರಘುನಂದನ. ಬಾಗಿಲು ಹಾಕಿದರೆ ಚಿದಾನಂದನ ವೀಸಾ ಉಳಿಯುವುದು ಅರವತ್ತೇ ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಏಳನೇ ಕ್ಲಾಸಿನ ಮಗಳು ತನ್ವಿಯ ವಯಲಿನ್ನನ್ನೂ ಸೇರಿಸಿ ಗಂಟುಮೂಟೆ ಕಟ್ಟಬೇಕು. ಮೂರು ವಾರದಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಗುರುವಾರ ಬೆಳಿಗ್ಗೆ ಐದು ಗಂಟೆಗೆ, ಡಲ್ಲಾಸಿನ ದಕ್ಷಿಣಕ್ಕಿದ್ದ ಲಾರಿ ಯಾರ್ಡಿಗೆ ಲಿಂಗರಾಜು ತಮ್ಮ ತಾಯಿ ಹೊನ್ನಮ್ಮನವರನ್ನು ತಂದು ಇಳಿಸಿದರು. ಎಪ್ಪತ್ತೊಂದು ವರ್ಷ. ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ, ಮೇಲೆ ಮಗನ ಕಂಪನಿಯ ಹೆಸರಿದ್ದ ಜಾಕೆಟ್, ಕೈಯಲ್ಲಿ ಒಂದು ನಿಂಬೆಹಣ್ಣು. ಲಾರಿಯ ಚಕ್ರಕ್ಕೆ ಇಡಲು ತಂದಿರಬೇಕೆಂದು ಚಿದಾನಂದನ ಮನಸ್ಸು ತುಂಬಿ ಬಂತು.

ಅಲಂಕಾರದ ಲಾರಿಯ ಡ್ರೈವರ್ ಡ್ವೇನ್. ಆರಡಿ ಮೂರಂಗುಲದ ಮನುಷ್ಯ, ಆದರೆ ತನ್ನ ಕ್ಯಾಬಿನ್ನನ್ನು ದೇವರ ಮನೆಯ ಹಾಗೆ ಇಟ್ಟುಕೊಂಡಿದ್ದ. ಅವನ ಹೆಂಡತಿ ಹಿಂದಿನ ವಾರವಷ್ಟೇ ಕೆನೆ ಬಣ್ಣದ ಹೊಸ ಸೀಟ್ ಕವರ್ ಹೊಲಿಸಿ, ಕೆಳಗೆ ಅದೇ ಬಣ್ಣದ ಕಾರ್ಪೆಟ್ ಹಾಸಿದ್ದಳು. ಒಳಗೆ ಬರುವವರು ಶೂ ಬಿಚ್ಚಬೇಕು. ಹೇಳುವ ಮೊದಲೇ ಹೊನ್ನಮ್ಮನವರು ಶೂ ಬಿಚ್ಚಿ ಕೈಯಲ್ಲಿ ಹಿಡಿದದ್ದು ನೋಡಿ ಡ್ವೇನ್ ಕರಗಿಹೋದ. ತಾನೇ ಕೈಹಿಡಿದು ಹತ್ತಿಸಿದ.

ಕ್ಯಾಬಿನ್ನಿನಲ್ಲಿದ್ದದ್ದು ಎರಡೇ ಸೀಟು. ಚಿದಾನಂದ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬೋಳು ಲಾರಿಗೆ ಹೋದ. ಅದರ ಡ್ರೈವರ್ ಅರ್ಲ್ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಒಂದು ಲೋಟಕ್ಕೆ ಉಗಿಯುತ್ತಿದ್ದ. ಲೋಟ ಇಡುವ ಜಾಗ ಚಿದಾನಂದನ ಮೊಣಕಾಲಿನ ಪಕ್ಕದಲ್ಲಿತ್ತು.

ಎರಡೂ ಲಾರಿ ಒಟ್ಟಿಗೇ ಹೊರಟವು. ಅರ್ಧ ಗಂಟೆಯಲ್ಲಿ ಕನ್ನಡಿಯಲ್ಲಿ ಡ್ವೇನ್‌ನ ಲಾರಿ ಬೆಂಕಿಪೊಟ್ಟಣದಷ್ಟಾಯಿತು. ಇನ್ನರ್ಧ ಗಂಟೆಯಲ್ಲಿ ಅದೂ ಇಲ್ಲ. ಲಾರಿಯಿಂದ ಲಾರಿಗೆ ಮಾತಾಡುವ ರೇಡಿಯೋದಲ್ಲಿ ಚಿದಾನಂದ ವಿಚಾರಿಸಿದ.

"ಎಲ್ಲ ಸರಿ ಇದೆ" ಎಂದ ಡ್ವೇನ್. ದನಿ ಮಾತ್ರ ಮಲಗಿದ ಮಗುವಿನ ಪಕ್ಕ ಕೂತವನ ಹಾಗೆ ಮೆತ್ತಗಿತ್ತು.

ಇನ್ನೂ ಕೇಳಬೇಕೆಂದಾಗಲೆಲ್ಲ ಫೋನು ಬಡಿದುಕೊಳ್ಳುತ್ತಿತ್ತು. ಒಮ್ಮೆ ಲಿಂಗರಾಜು, "ಅಮ್ಮ ಮಾತ್ರೆ ತಗೊಂಡ್ರಾ?" ಒಮ್ಮೆ ರಘುನಂದನ, "ಮೈಲೇಜ್ ಹೇಗಿದೆ?" ಮತ್ತೆ ಲಿಂಗರಾಜು, "ಅಮ್ಮಂಗೆ ಎಸಿ ಗಾಳಿ ಮುಖಕ್ಕೆ ಹೊಡೀತಿಲ್ಲ ತಾನೇ?" ಎರಡು ಲಾರಿಗೆ ಚಿದಾನಂದ ಒಬ್ಬನೇ ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದ.

ಹ್ಯೂಸ್ಟನ್ ದಾಟಿ ಕೇಟಿಯ ಹತ್ತಿರ ಹೈವೇ ಪಕ್ಕದ ದೊಡ್ಡ ಡೀಸೆಲ್ ಬಂಕಿನಲ್ಲಿ ಎರಡೂ ಲಾರಿ ಸೇರಬೇಕಿತ್ತು. ಡ್ವೇನ್ ಬಂದದ್ದು ಮೂವತ್ತೈದು ನಿಮಿಷ ತಡವಾಗಿ. ಯಾಕೆಂದು ಗದರಿಸಲು ಹೊರಟ ಚಿದಾನಂದ ಪಂಪಿನ ಅಂಕಿ ನೋಡಿ ನಿಂತುಬಿಟ್ಟ. ಮೂರು ಸಲ ಲೆಕ್ಕ ಹಾಕಿದ. ಅಲಂಕಾರದ ಲಾರಿ ನೂರಕ್ಕೆ ಹದಿಮೂರು ಭಾಗ ಉಳಿಸಿತ್ತು. ಎಂಟು ಕೇಳಿದ್ದಕ್ಕೆ ಹದಿಮೂರು.

"ಹದಿಮೂರಾ?" ಎಂದು ಫೋನಿನಲ್ಲಿ ರಘುನಂದನ ಕೇಳಿದರು. ಆಮೇಲೆ ಅವರು ಮೂಗು ಸೀಟುವ ಸದ್ದು ಕೇಳಿಸಿತು.

ಹೊನ್ನಮ್ಮನವರು ಇಳಿದು ಬಂದರು. ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಬೆಳಿಗ್ಗೆ ಬೇಗ ಎದ್ದ ಆಯಾಸವೆಂದುಕೊಂಡು ಚಿದಾನಂದ ಖುಷಿಯಲ್ಲಿ ಅವರ ಕಾಲಿಗೆ ನಮಸ್ಕಾರ ಮಾಡಿದ. "ನಿಮ್ಮ ಕಾಲ್ಗುಣ ಅಮ್ಮಾ."

"ಎಂಥ ಕಾಲ್ಗುಣವೋ ಕಣಪ್ಪ" ಎಂದರು ಹೊನ್ನಮ್ಮನವರು ಕಂಬ ಹಿಡಿದುಕೊಂಡು. "ನನ್ನನ್ನ ಉಷಾ ಮನೆಗೆ ಬಿಡು. ಒಂದರ್ಧ ಗಂಟೆ ಮನೆ ನೆಲದ ಮೇಲೆ ಕೂತ್ಕೋಬೇಕು."

ಅಷ್ಟರಲ್ಲಿ ಉಷಾ ಫೋನೂ ಬಂತು. "ದೊಡ್ಡಮ್ಮನ್ನ ಕರ್ಕೊಂಡು ಬನ್ನಿ, ಅಕ್ಕಿ ರೊಟ್ಟಿ ತವಾ ಮೇಲಿದೆ. ಹೈವೇ ಇಳಿದು ಎರಡೇ ತಿರುವು."

"ನೀವೇ ಕಾರಲ್ಲಿ ಬಂದ್ರೆ ಒಳ್ಳೇದಿತ್ತು."

"ಕಾರು ನಮ್ಮನೆಯವರು ಪ್ರಹ್ಲಾದ್ ಆಫೀಸಿಗೆ ತಗೊಂಡು ಹೋಗಿದ್ದಾರೆ."

"ಹಾಗಾದ್ರೆ ಕ್ಯಾಬ್ ಕರೀತೀನಿ."

"ಕಾರು ಬ್ಯಾಡ ಕಣಪ್ಪ" ಎಂದರು ಹೊನ್ನಮ್ಮನವರು, ಸಾಯುವವರ ದನಿಯಲ್ಲಿ. ಟ್ರೈಲರ್ ಬಿಚ್ಚಿಟ್ಟು ಬರೀ ಇಂಜಿನ್ ಭಾಗ ತಗೊಂಡು ಹೋಗೋಣವೆಂದರೆ ಬಿಚ್ಚಿ ಕಟ್ಟಲು ಮುಕ್ಕಾಲು ಗಂಟೆ. ಉಷಾ ಧೈರ್ಯ ಹೇಳಿದಳು: "ರೋಡು ಅಗಲ ಇದೆ. ನಮ್ಮ ಸಾಮಾನು ತಂದ ಲಾರಿ ಇದಕ್ಕಿಂತ ದೊಡ್ಡದು."

ಅರ್ಲ್‌ನನ್ನು ಅಲ್ಲೇ ಬಿಟ್ಟು ಅಲಂಕಾರದ ಲಾರಿ ಹೊರಟಿತು. ಹೊನ್ನಮ್ಮನವರು ಸೀಟಿನಲ್ಲಿ, ಎರಡೇ ತಿರುವಿಗೆಂದು ಚಿದಾನಂದ ಡ್ರೈವರ್ ಮಲಗುವ ಹಿಂದಿನ ಮಂಚದ ಮೇಲೆ ಶೂ ಎದೆಗವಚಿಕೊಂಡು.

ತಿರುವು ಎರಡೇ ಇದ್ದದ್ದು ನಿಜ. ಎರಡನೆಯ ತಿರುವಿನ ಕೊನೆಗೆ ರಸ್ತೆಯೇ ಇರಲಿಲ್ಲ ಎಂಬುದನ್ನು ಉಷಾ ಹೇಳಿರಲಿಲ್ಲ. ಆರೇಳು ಮನೆಗಳು ದುಂಡಗೆ ಕೂತ ಒಂದು ಬಳೆಯಂಥ ಜಾಗ. ಪ್ರತಿ ಮನೆಯ ಮುಂದೂ ಇಟ್ಟಿಗೆಯಲ್ಲಿ ಕಟ್ಟಿದ ಅಂಚೆ ಡಬ್ಬ, ಪುಟ್ಟ ಸಮಾಧಿಗಳ ಹಾಗೆ. ಎಪ್ಪತ್ತಡಿ ಉದ್ದದ ಲಾರಿ ಅಲ್ಲಿ ನುಗ್ಗಿದಾಗ ಬಳೆಯೊಳಗೆ ಕೋಲು ತೂರಿಸಿದಂತಾಯಿತು.

ಹೊನ್ನಮ್ಮನವರನ್ನು ಉಷಾ ಒಳಗೆ ಕರೆದೊಯ್ದಳು. ನೆಲದ ಮೇಲೆ ಅರ್ಧ ಗಂಟೆ ಕೂತು ಮಜ್ಜಿಗೆ ಕುಡಿದ ಮೇಲೆ ಅವರಿಗೆ ಜೀವ ಬಂತು. ಚಿದಾನಂದ ಬೇಡ ಬೇಡವೆನ್ನುತ್ತಲೇ ಎರಡು ರೊಟ್ಟಿ ತಿಂದ. ಡ್ವೇನ್ ಬೇಡವೆನ್ನದೆ ಐದು ತಿಂದ. ಇನ್ನು ಲಾರಿ ತಿರುಗಿಸಬೇಕು.

ಲಾರಿ ಬಂದ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದಿದ್ದರು. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರ ಬೀದಿ ಅದು, ಜನಕ್ಕೆ ಕೊರತೆಯಿರಲಿಲ್ಲ. ಎದುರು ಮನೆಗೆ ಮಗಳನ್ನು ನೋಡಲು ಬಂದಿದ್ದ ಮೋಹನರಾಜ ಎನ್ನುವವರು, ಮಂಡ್ಯ ಕಡೆಯವರು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು, ತಾವಾಗಿಯೇ ಲಾರಿಯ ಹಿಂದೆ ನಿಂತು ಜವಾಬ್ದಾರಿ ವಹಿಸಿಕೊಂಡರು. ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂದಿತ್ತು.

"ಬರ್ಲಿ, ಬರ್ಲಿ, ಬರ್ಲಿ" ಎಂದು ಟ್ರೈಲರಿನ ಬೆನ್ನು ತಟ್ಟಿದರು. ಡ್ವೇನ್ ಕೈಸನ್ನೆ ನೋಡಿಕೊಂಡು ಹಿಂದಕ್ಕೆ ಬಂದ. ಎಲ್ಲ ಸರಿಹೋಯಿತೆನಿಸಿದಾಗ ಮೋಹನರಾಜರು, ನಮ್ಮೂರಿನ ಬಸ್ಸನ್ನು ಮುಂದಕ್ಕೆ ಬಿಡುವ ಗತ್ತಿನಲ್ಲಿ, "ರೈಟ್, ರೈಟ್" ಎಂದರು.

ಡ್ವೇನ್ ಬಲಕ್ಕೆ ತಿರುಗಿಸಿದ.

"ಅಯ್ಯೋ, ಹೋಲ್ಡಾನ್, ಹೋಲ್ಡಾನ್" ಎಂದರು ಮೋಹನರಾಜರು. ಡ್ವೇನ್ ಸ್ಟೀರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ಇಟ್ಟಿಗೆಯ ಅಂಚೆ ಡಬ್ಬ ಮೊದಲು ಲಂಗದ ಅಂಚನ್ನು ಹಿಡಿಯಿತು. ಆಮೇಲೆ ಇಪ್ಪತ್ತಡಿ ಲಂಗ, ಅಂಗಡಿಯವನು ತಾನಿನಿಂದ ಬಟ್ಟೆ ಹರಿದುಕೊಡುವಾಗ ಬರುವಂಥದೇ ಸದ್ದಿನಲ್ಲಿ, ಒಂದೇ ಸಮನೆ ಸೀಳಿಬಂತು. ಗಾಬರಿಯಾಗಿ ಡ್ವೇನ್ ಹಿಂದಕ್ಕೆ ಬಂದಾಗ ಬಾಲ ಓಕ್ ಮರಕ್ಕೆ ಬಡಿದು ಮಡಚಿಕೊಂಡಿತು. ಎರಡು ನಿಮಿಷದ ನಂತರ ನೋಡಿದರೆ ಮೋಹನರಾಜರು ಅಲ್ಲಿರಲಿಲ್ಲ. ಎದುರು ಮನೆಯ ಕಿಟಕಿಯ ಪರದೆ ಅಲುಗುತ್ತಿತ್ತು.

ಚಿದಾನಂದ ರಸ್ತೆಯಲ್ಲೇ ಕೂತುಬಿಟ್ಟ. ನೇತಾಡುವ ಹಲಗೆ ಇಟ್ಟುಕೊಂಡು ಹೈವೇಗೆ ಹೋಗುವ ಹಾಗಿಲ್ಲ, ಎಲ್ಲ ಬಿಚ್ಚಬೇಕು ಎಂದ ಡ್ವೇನ್. ಈ ಮಾತು ಕಿವಿಗೆ ಬಿದ್ದದ್ದೇ ತಡ, ಸುತ್ತ ನಿಂತ ಸಾಫ್ಟ್‌ವೇರ್ ಇಂಜಿನಿಯರುಗಳ ಕಣ್ಣು ಹೊಳೆಯಿತು. ಪ್ರತಿಯೊಬ್ಬರ ಗ್ಯಾರೇಜಿನಲ್ಲೂ ಸೇಲಿನಲ್ಲಿ ಕೊಂಡು ಒಮ್ಮೆಯೂ ಬಳಸದ ಡ್ರಿಲ್ ಇತ್ತು. ಹತ್ತು ಜನ ಹತ್ತು ಕಡೆಯಿಂದ ಲಾರಿಗೆ ಮುತ್ತಿದರು. ಚಿದಾನಂದ ರಘುನಂದನರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಹರಿದ ಲಂಗ, ಹರಿಯದ ಲಂಗ, ಬಾಲ ಎಲ್ಲ ಬಿಚ್ಚಿಯಾಗಿತ್ತು. ಆ ಉತ್ಸಾಹದಲ್ಲಿ, ಏನೂ ಆಗದ ಚಕ್ರದ ತಟ್ಟೆಗಳನ್ನೂ ಬಿಚ್ಚಿ ಸಾಲಾಗಿ ಜೋಡಿಸಿದ್ದರು.

"ಟೆಸ್ಟ್ ನಿಲ್ಲಿಸ್ಬೇಡ" ಎಂದಿದ್ದರು ರಘುನಂದನ. "ಹದಿಮೂರು ಆಗ್ಲೇ ಆ ಯಮ್ಮನ ಫೋನಿಗೆ ಹೋಗಿದೆ. ಉಳಿದದ್ದು ಹೇಗಾದ್ರೂ ಓಡ್ಸು. ಸಂಜೆ ಏನಾದ್ರೂ ಹೇಳೋಣ."

ತೂಕ ವ್ಯತ್ಯಾಸವಾಗಬಾರದೆಂದು ಚಿದಾನಂದ ಎಲ್ಲ ಹಲಗೆಗಳನ್ನೂ ಟ್ರೈಲರಿನೊಳಗೆ ಇಟ್ಟಿಗೆಯ ಮೇಲೆ ಹೇರಿಸಿದ. ಅಂಚೆ ಡಬ್ಬದ ಮನೆಯ ಮುದುಕಿಗೆ ತನ್ನ ವಿಳಾಸ ಬರೆದುಕೊಟ್ಟ. ಆಕೆ ಬೈಯಲಿಲ್ಲ, ನೀರು ಕೊಟ್ಟಳು. ಅದರಿಂದ ಅವನಿಗೆ ಇನ್ನಷ್ಟು ಸಂಕಟವಾಯಿತು.

ಡ್ವೇನ್ ಹೊನ್ನಮ್ಮನವರನ್ನು ಕೂರಿಸಿಕೊಂಡು, ಇಂಚಿಂಚಾಗಿ ಲಾರಿಯನ್ನು ಬೀದಿಯಿಂದ ಹೊರಗೆ ತಂದು ಬಂಕಿಗೆ ಮುಟ್ಟಿಸಿದ. ಈಗ ಎರಡೂ ಲಾರಿ ಬೋಳು. ಚಿದಾನಂದ ಮತ್ತೆ ಅರ್ಲ್‌ನ ಪಕ್ಕ, ಸಿಪ್ಪೆ ಲೋಟದ ಜೊತೆ. ಆಸ್ಟಿನ್‌ವರೆಗೂ ಅವನು ಕಣ್ಣುಮುಚ್ಚಿ ಸಾಮಾನು ಕಟ್ಟುವ ಪಟ್ಟಿ ಮಾಡುತ್ತಿದ್ದ. ಈ ಸಲವೂ ಡ್ವೇನ್ ಹಿಂದೆ ಉಳಿದ. ಏನಾದರೇನು, ಎಂದುಕೊಂಡ ಚಿದಾನಂದ.

ಆಸ್ಟಿನ್‌ನ ಬಂಕಿನಲ್ಲಿ ಇಂಚರಾ ಕಾಯುತ್ತಿದ್ದಳು. ಹೊನ್ನಮ್ಮನವರು ಇಳಿದು ಡ್ವೇನ್‌ನ ಎರಡೂ ಕೈ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಮಗನಿಗಿಂತ ಹೆಚ್ಚಾಗಿ ನೋಡ್ಕೊಂಡೆ" ಎಂದರು. ಡ್ವೇನ್‌ಗೆ ಒಂದು ಅಕ್ಷರ ಅರ್ಥವಾಗದಿದ್ದರೂ ಕಣ್ಣೊರೆಸಿಕೊಂಡ. ಮಗಳ ಮನೆ ಎರಡೇ ಮೈಲಿ. ನಾಲ್ಕೂ ಕಿಟಕಿ ಇಳಿಸಿದ ಕಾರು ನಡೆಯುವವರ ವೇಗದಲ್ಲಿ ಹೊರಟುಹೋಯಿತು.

ಚಿದಾನಂದ ಪಂಪಿನ ಅಂಕಿ ನೋಡಿದ. ಫೋನ್ ಒರೆಸಿಕೊಂಡು ಮತ್ತೆ ಲೆಕ್ಕ ಹಾಕಿದ. ಲಂಗ ಇಲ್ಲ, ಬಾಲ ಇಲ್ಲ, ತಟ್ಟೆ ಇಲ್ಲ. ಉಳಿತಾಯ ನೂರಕ್ಕೆ ಹನ್ನೆರಡು.

ಮೊದಲು ಅ‌ವನಿಗೆ ಕುಣಿಯಬೇಕೆನಿಸಿತು. ಒಂದು ನಿಮಿಷದ ನಂತರ ಬೇರೆಯೇ ಯೋಚನೆ ಬಂತು. ಏನೂ ಇಲ್ಲದೆ ಹನ್ನೆರಡು ಉಳಿಯುವುದಾದರೆ, ಆರು ವರ್ಷ ತಾನು ಕೂತು ಬರೆದ, ಕೊರೆದ, ಕೂರಿಸಿದ ಆ ಹಲಗೆಗಳು ಮಾಡಿದ್ದೇನು?

"ಇದನ್ನ ಯಾರಿಗೂ ಹೇಳ್ಬೇಡ" ಎಂದರು ಫೋನಿನಲ್ಲಿ ರಘುನಂದನ.

"ಸಂಜೆ ಅವರೇ ಬಂದು ನೋಡ್ತಾರಲ್ಲ ಸರ್."

"ತೊಳೆಯೋಕೆ ಬಿಚ್ಚಿದ್ವಿ ಅಂತೀನಿ. ನೀನು ಬಾಯಿ ಬಿಡ್ಬೇಡ, ಅಷ್ಟೇ."

ವಾಪಸ್ ಬರುವಾಗ ಸೀಟು ಖಾಲಿಯಿತ್ತಲ್ಲ, ಚಿದಾನಂದ ಶೂ ಬಿಚ್ಚಿ ಡ್ವೇನ್ ಪಕ್ಕ ಕೂತ. ಹೊರಟು ಐದು ನಿಮಿಷಕ್ಕೆ ಇದು ಬೇರೆಯೇ ಪ್ರಯಾಣವೆಂದು ಗೊತ್ತಾಯಿತು. ಬೆಳಿಗ್ಗೆ ಐದಕ್ಕೆ ಶುರು ಮಾಡಿದ ಡ್ರೈವರ್ ಸಂಜೆ ಏಳರ ಮೇಲೆ ಲಾರಿ ಓಡಿಸುವಂತಿಲ್ಲ, ಅದು ಕಾನೂನು. ಕಳೆದುಹೋದ ಹೊತ್ತನ್ನೆಲ್ಲ ಡ್ವೇನ್ ಈ ಒಂದು ದಾರಿಯಲ್ಲಿ ವಸೂಲಿ ಮಾಡಹೊರಟಿದ್ದ. ಜಾಗ ಸಿಕ್ಕ ಕಡೆ ಒತ್ತುವುದು, ಮುಂದಿನ ಕಾರು ಅಡ್ಡ ಬಂದ ಕಡೆ ಬ್ರೇಕು. ಮತ್ತೆ ಒತ್ತುವುದು, ಮತ್ತೆ ಬ್ರೇಕು. ಚಿದಾನಂದನ ಹೊಟ್ಟೆಯಲ್ಲಿ ಉಷಾಳ ಎರಡು ರೊಟ್ಟಿ ಎದ್ದು ನಿಂತು, ಕೂತು, ಮತ್ತೆ ಎದ್ದು ನಿಂತವು.

"ಹುಷಾರಾಗಿದ್ದೀರಾ?" ಎಂದು ಡ್ವೇನ್ ಕೇಳಿದ.

"ಐ ಆಮ್ ಫೈನ್" ಎಂದ ಚಿದಾನಂದ.

ಸ್ವಲ್ಪ ನಿಧಾನ ಹೋಗಪ್ಪ ಎನ್ನಲು ಅವನಿಗೆ ಸಂಕೋಚ. ಬೆಳಿಗ್ಗೆಯಿಂದ ಆ ಮನುಷ್ಯನಿಗೆ ಕೊಟ್ಟ ಕಷ್ಟವೇ ಸಾಕು. ಅರ್ಧ ದಾರಿಯಲ್ಲಿ ವೇಕೋ ಊರು ದಾಟುವಾಗ ಹಣೆಯಲ್ಲಿ ಬೆವರು, ಆಮೇಲೆ ಕೈಬೆರಳು ಜೋಮು. ಡ್ವೇನ್ ಒಟ್ಟು ಒಂಬತ್ತು ಸಲ ಕೇಳಿದ. ಒಂಬತ್ತು ಸಲವೂ ಚಿದಾನಂದ ಫೈನ್ ಆಗಿದ್ದ. ಕೊನೆಯ ಮೂರು ಸಲ ಬಾಯಿ ತೆರೆಯಲು ಧೈರ್ಯ ಸಾಲದೆ ಹೆಬ್ಬೆರಳನ್ನಷ್ಟೇ ಎತ್ತಿ ತೋರಿಸಿದ.

ಏಳಕ್ಕೆ ಹತ್ತು ನಿಮಿಷವಿದ್ದಾಗ ಲಾರಿ ಯಾರ್ಡಿನ ಒಳಗೆ ಬಂತು. ಬಿಸಿಲು ಇನ್ನೂ ಇತ್ತು. ಮಿಸೆಸ್ ಸಲಿನಾಸ್ ಆಗಲೇ ಬಂದು ನಿಂತಿದ್ದರು. ಅರವತ್ತು ದಾಟಿದ, ಗಿಡ್ಡನೆಯ, ಬೂಟು ತೊಟ್ಟ ಹೆಂಗಸು. ಪಕ್ಕದಲ್ಲಿ ಟೈ ಕಟ್ಟಿಕೊಂಡ ರಘುನಂದನ. ಚಿದಾನಂದ ಮೂರು ಮೆಟ್ಟಿಲು ಇಳಿದು, ಗುಡ್ ಈವ್ನಿಂಗ್ ಎನ್ನಲು ಬಾಯಿ ತೆರೆದು, ಆಕೆಯ ಬೂಟಿನಿಂದ ಒಂದು ಗೇಣು ಈಚೆಗೆ ಅಷ್ಟನ್ನೂ ಕಾರಿಕೊಂಡ.

ಮಿಸೆಸ್ ಸಲಿನಾಸ್ ಹಿಂದೆ ಸರಿಯಲಿಲ್ಲ. ತಮ್ಮ ಕೈಯಲ್ಲಿದ್ದ ನೀರಿನ ಬಾಟಲಿಯನ್ನೇ ಅವನಿಗೆ ಕೊಟ್ಟು, ಬೆನ್ನಿನ ಮೇಲೆ ಕೈಯಿಟ್ಟು, ಅವನು ಬಾಯಿ ತೊಳೆದುಕೊಳ್ಳುವವರೆಗೂ ನಿಂತರು. ಆ ಕೈ ಇಟ್ಟದ್ದಕ್ಕೋ ಏನೋ, ಚಿದಾನಂದನಿಗೆ ಇನ್ನು ಏನನ್ನೂ ಒಳಗಿಟ್ಟುಕೊಳ್ಳಲಾಗಲಿಲ್ಲ.

"ತೊಳೆಯೋದಕ್ಕೆ ಅಂತ ಪ್ಯಾನೆಲ್ಸ್ ಬಿಚ್ಚಿ..." ಎಂದು ರಘುನಂದನ ಶುರು ಮಾಡಿದ್ದರು.

"ತೊಳೆಯೋದಕ್ಕಲ್ಲ ಮೇಡಂ" ಎಂದ ಚಿದಾನಂದ. "ಕೇಟಿಯಲ್ಲೇ ಹರಿದುಹೋಯ್ತು. ಅಲ್ಲಿಂದ ಈಚೆಗೆ ಲಾರಿ ಮೇಲೆ ಏನೂ ಇರ್ಲಿಲ್ಲ."

ರಘುನಂದನ ಟೈ ಸಡಿಲಿಸಿಕೊಂಡು ಆಕಾಶ ನೋಡಿದರು.

ಅಷ್ಟರಲ್ಲಿ ಯಾರ್ಡಿನ ಪಂಪಿನಲ್ಲಿ ಎರಡೂ ಲಾರಿಗೆ ಡೀಸೆಲ್ ತುಂಬಿಸಿದ ಅರ್ಲ್ ಕೊನೆಯ ಅಂಕಿ ಕೂಗಿ ಹೇಳಿದ. ಆಸ್ಟಿನ್‌ನಿಂದ ಡಲ್ಲಾಸಿಗೆ ಎರಡೂ ಲಾರಿ ಸಮಸಮ. ಉಳಿತಾಯ ಸೊನ್ನೆ. ಮಿಸೆಸ್ ಸಲಿನಾಸ್ ಫೋನಿನಲ್ಲಿದ್ದ ಮೂರು ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಒಂದೇ ಒಂದು ಲಾರಿಯಿಂದ ಶುರು ಮಾಡಿ, ತಾವೇ ಓಡಿಸಿ ಇನ್ನೂರು ಮಾಡಿದ ಹೆಂಗಸು ಅವರು.

"ಮೊದಲ ದಾರಿ, ಪ್ಯಾನೆಲ್ ಇದೆ, ಹದಿಮೂರು" ಎಂದರು ನಿಧಾನವಾಗಿ. "ಎರಡನೇ ದಾರಿ, ಪ್ಯಾನೆಲ್ ಇಲ್ಲ, ಹನ್ನೆರಡು. ಅಂದರೆ ನಿಮ್ಮ ಪ್ಯಾನೆಲ್ ಉಳಿಸಿದ್ದು ಒಂದೇ ಒಂದು. ಮೂರನೇ ದಾರಿ ಸೊನ್ನೆ. ಹಾಗಾದರೆ ಉಳಿದ ಹನ್ನೆರಡನ್ನು ಉಳಿಸಿದ್ದು ಇನ್ನೇನೋ. ಅದು ಬೆಳಿಗ್ಗೆಯಿಂದ ಲಾರಿಯಲ್ಲಿತ್ತು. ಆಸ್ಟಿನ್‌ನಲ್ಲಿ ಇಳಿದುಹೋಯಿತು." ತಲೆಯೆತ್ತಿ ನೋಡಿದರು. "ಆಸ್ಟಿನ್‌ನಲ್ಲಿ ಈ ಲಾರಿಯಿಂದ ಇಳಿದದ್ದು ಏನು?"

ಎಲ್ಲರೂ ಡ್ವೇನ್ ಕಡೆ ತಿರುಗಿದರು. ಅವನು ಟೋಪಿ ತೆಗೆದ.

"ಮಿಸ್ ಹೊನ್ನಮ್ಮ" ಎಂದ.

ಆಮೇಲೆ ಎಲ್ಲ ಹೊರಬಂತು. ಹೊರಟು ಹತ್ತು ಮೈಲಿಗೆ ಡ್ವೇನ್ ಒಂದು ಸಲ ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದ್ದ. ಪಕ್ಕದಲ್ಲಿ ಎಂಥದೋ ಸದ್ದು ಬಂತು. ತಿರುಗಿ ನೋಡಿದರೆ ಅಜ್ಜಿ ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಅಗಲಿಸಿ ಹಿಡಿದು, ಕಣ್ಣು ಮೇಲೆ ಮಾಡಿ ಸಿದ್ಧರಾಗಿ ಕೂತಿದ್ದರು. ಕೆಳಗೆ ಹೊಸ ಕೆನೆ ಬಣ್ಣದ ಕಾರ್ಪೆಟ್. ಅಲ್ಲಿಂದ ಡ್ವೇನ್ ಓಡಿಸಿದ್ದು ಲಾರಿಯಲ್ಲ, ತುಂಬಿದ ಹಾಲಿನ ಪಾತ್ರೆ. ಐವತ್ತೆಂಟು ಮೈಲಿ ವೇಗ ದಾಟಲಿಲ್ಲ. ಅರ್ಧ ಮೈಲಿ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆದ. ಬ್ರೇಕ್ ಮುಟ್ಟಿದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು.

"ಸ್ವಲ್ಪ ವೇಗ ಆದ್ರೆ ಅವರು 'ಊಂ' ಅಂತಿದ್ರು" ಎಂದ ಡ್ವೇನ್. "ನಾನು ತಕ್ಷಣ ಕಾಲು ತೆಗೀತಿದ್ದೆ. ಇಪ್ಪತ್ತಾರು ವರ್ಷದಿಂದ ಓಡಿಸ್ತಿದ್ದೀನಿ ಮೇಡಂ. ಇಷ್ಟು ಚೆನ್ನಾಗಿ ಯಾವತ್ತೂ ಓಡಿಸಿರ್ಲಿಲ್ಲ."

ಮಿಸೆಸ್ ಸಲಿನಾಸ್ ನಗಲು ಶುರು ಮಾಡಿ ಲಾರಿಯ ಬಂಪರ್ ಹಿಡಿದು ಕೂತರು. ನಗು ನಿಂತ ಮೇಲೆ ಚಿದಾನಂದನ ಕಡೆ ನೋಡಿದರು.

"ಆಸ್ಟಿನ್‌ನಿಂದ ಆ ಸೀಟಿನಲ್ಲಿ ನೀವಿದ್ದಿರಿ. ನಿಮಗೂ ಹೊಟ್ಟೆ ತೊಳಸುತ್ತಿತ್ತು. ಆದರೂ ಸೊನ್ನೆ ಯಾಕೆ ಬಂತು?"

"ನಾನು ಹೇಳ್ಲಿಲ್ಲ ಮೇಡಂ."

"ಯಾಕೆ?"

ಸಂಕೋಚಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಚಿದಾನಂದನಿಗೆ ಹೊಳೆಯಲಿಲ್ಲ.

"ನನಗೆ ಪ್ಯಾನೆಲ್ ಬೇಡ" ಎಂದರು ಮಿಸೆಸ್ ಸಲಿನಾಸ್ ರಘುನಂದನರಿಗೆ. ರಘುನಂದನರ ಮುಖ ಬಾಡಿತು. "ನನ್ನ ಇನ್ನೂರು ಡ್ರೈವರುಗಳೂ ಡ್ವೇನ್ ಇವತ್ತು ಓಡಿಸಿದ ಹಾಗೆ ಓಡಿಸುವುದನ್ನು ಕಲಿಯಬೇಕು. ಒಬ್ಬೊಬ್ಬರ ಜೊತೆ ಒಂದೊಂದು ದಿನ ಸಾಕು. ಕಲಿತ ಕಾಲು ಮರೆಯುವುದಿಲ್ಲ. ಅಜ್ಜಿಯನ್ನು ಆ ವಯಸ್ಸಿನಲ್ಲಿ ಕಾಡುವುದು ಪಾಪ. ಆದರೆ ನಿಮ್ಮ ಕಂಪನಿಯಲ್ಲೇ ಇಷ್ಟು ಒಳ್ಳೆಯ ಹೊಟ್ಟೆ ಇದೆಯಲ್ಲ."

ಆಕೆಯ ಬೆರಳು ಯಾರ ಕಡೆಗಿದೆಯೆಂದು ಚಿದಾನಂದನಿಗೆ ಕೂಡಲೇ ತಿಳಿಯಲಿಲ್ಲ. ರಘುನಂದನರಿಗೆ ತಿಳಿಯಿತು. ಬಾಡಿದ ಮುಖ ಅರೆಗಳಿಗೆಯಲ್ಲಿ ಅರಳಿತು.

"ಅವರು ನಮ್ಮ ಸೀನಿಯರ್ ಇಂಜಿನಿಯರ್ ಮೇಡಂ. ಇನ್ನೂರು ದಿನವೂ ನಿಮಗೇ" ಎಂದರು.

"ಒಂದೇ ಷರತ್ತು" ಎಂದರು ಮಿಸೆಸ್ ಸಲಿನಾಸ್ ಚಿದಾನಂದನ ಭುಜ ತಟ್ಟಿ. "ಏನನ್ನೂ ತಡೆದು ಇಟ್ಟುಕೊಳ್ಳಬಾರದು."

ಕೈಕುಲುಕುವುದು ಮುಗಿಯಿತು. ಕಂಪನಿ ಉಳಿಯಿತು, ವೀಸಾ ಉಳಿಯಿತು, ತನ್ವಿಯ ವಯಲಿನ್ ಗೋಡೆಯ ಮೇಲೇ ಉಳಿಯಿತು. ಅಷ್ಟು ಹೊತ್ತಿಗೆ ನಿಶಿತಾಳ ಫೋನ್ ಬಂತು. ಬೆಳಿಗ್ಗೆಯಿಂದ ದೀಪ ಹಚ್ಚಿಟ್ಟು ಕೂತಿದ್ದಳಂತೆ.

"ಆರ್ಡರ್ ಬಂತಾ?"

"ಬಂತು."

"ಇನ್ನೂರು ಲಾರಿಗೂನಾ?"

"ಇನ್ನೂರಕ್ಕೂ."

"ಸದ್ಯ" ಎಂದಳು ನಿಶಿತಾ, ಉಸಿರು ಬಿಟ್ಟು. "ಇನ್ಮೇಲಾದ್ರೂ ಹೊತ್ತಿಗೆ ಸರಿಯಾಗಿ ಊಟ ತಿಂಡಿ ಮಾಡ್ತೀರಲ್ಲ."

ಯಾರ್ಡಿನ ಆ ಕಡೆ ಸುದ್ದಿ ತಿಳಿದ ನಾಲ್ಕಾರು ಡ್ರೈವರುಗಳು ತಮ್ಮ ತಮ್ಮ ಪಕ್ಕದ ಸೀಟುಗಳ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಚಿದಾನಂದ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಸೋಮವಾರದಿಂದ ಬೆಳಿಗ್ಗೆ ತಿಂಡಿ ಒಂಚೂರು ಜಾಸ್ತಿನೇ ಮಾಡು" ಎಂದ.